ಸರಿದ ಬಟ್ಟಿ

ಮೂರು ವರ್ಷ ನನಗೆ ಹೊಟ್ಟೆನೋವು. ನೋವು ಬಂದಾಗಲೆಲ್ಲ ಅವ್ವ ನನ್ನನ್ನು ಊರಲ್ಲಿ ನಾಟಿ ಮದ್ದು ಮಾಡುವ ದ್ಯಾಮವ್ವನ ಮುಂದೆ ಮಲಗಿಸುತ್ತಿದ್ದಳು. ಆ ಮುದುಕಿ ಹೊಕ್ಕುಳಿಗೆ ಎಣ್ಣೆ ಹಚ್ಚಿ, "ಬಟ್ಟಿ ಸರದೈತಿ, ಸುಮ್ಮನ ಬೀಳು" ಎಂದು, ಜಾಗ ತಪ್ಪಿದ ಹೊಕ್ಕುಳನ್ನು ಸರಿ ಕೂರಿಸಲು ಹೊಟ್ಟೆಯನ್ನು ನೀವಿ ಎಳೆಯುತ್ತಿದ್ದಳು. ನಾನು ಕಿರುಚುತ್ತಿದ್ದೆ.

ಕೊನೆಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯೊಳಗೆ ನಿಂಬೆಹಣ್ಣಿನಷ್ಟು, ನೀರು ತುಂಬಿದ ಗಂಟು! "ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ" ಎಂದು ಡಾಕ್ಟರು ಕೊಯ್ದು ತೆಗೆದರು.

ಹೊಲಿಗೆ ಬಿಚ್ಚಿಸಿದ ದಿನವೇ, ಮೊಬೈಲಿನಲ್ಲಿ ಗಂಟಿನ ಫೋಟೋ ಹಿಡಿದು ದ್ಯಾಮವ್ವನ ಮನೆಗೆ ನುಗ್ಗಿದೆ.

"ಇದೇನ ಬೇ ನಿನ್ನ ಬಟ್ಟಿ? ಇನ್ನ ಮ್ಯಾಲ ಯಾರ ಹೊಟ್ಟಿ ಮುಟ್ಟಿದ್ರೂ ಊರಿಗೆಲ್ಲ ಇದನ್ನ ತೋರಸ್ತೀನಿ!"

ಮುದುಕಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಎದ್ದು ಬಾಗಿಲು ಹಾಕಿದಳು.

"ಮೆಲ್ಲಕ ಮಾತಾಡೋ ತಮ್ಮಾ. ಆ ಡಾಕ್ಟರ್ ಕಡೆ ನನ್ನೂ ಕರಕೊಂಡು ಹೋಗು. ಆರು ವರ್ಷಾತು, ನನ್ನ ಬಟ್ಟಿ ನಾನೇ ಎಳಕೊಂಡು ಸಾಕಾಗೇತಿ."