ರಕ್ತದ ಮಾತು

ಸೂಜಿ ಚುಚ್ಚುವ ಮೊದಲೇ ಅತ್ತೆಯ ಮುಖ ಬಿಳಿಚಿಕೊಂಡಿತು. ನೋಡುತ್ತ ನಿಂತಿದ್ದ ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಈ ಟೆಸ್ಟ್ ಬೇಡಮ್ಮ ಅಂತ ಎಷ್ಟು ಬೇಡಿಕೊಂಡೆ,” ಎಂದರು ಅತ್ತೆ.

“ತಪ್ಪಿಲ್ಲದವರಿಗೆ ಭಯ ಯಾಕತ್ತೆ?”

ಮಾವ ತೋಳಿಗೆ ಹತ್ತಿ ಒತ್ತಿಕೊಂಡು ಪಕ್ಕದಲ್ಲೇ ಕುಳಿತಿದ್ದರು.

ಸೊಸೆಯ ಎಂಟು ವರ್ಷದ ಮಗಳಿಗೆ ಮೆಟ್ಟಿಲು ಹತ್ತಲು ಕಾಲಲ್ಲಿ ಬಲವಿಲ್ಲ. ನೀರು ಕುಡಿದರೆ ಮೂಗಿಗೆ ಬರುತ್ತದೆ. ನುಣ್ಣಗೆ ರುಬ್ಬಿದ ಊಟವನ್ನೂ ಗದ್ದ ತಗ್ಗಿಸಿ ಒಂದೊಂದೇ ಚಮಚ ನುಂಗಿಸಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರಷ್ಟೇ ಬರುವ ರೋಗವಂತೆ. ಅದು ಗೊತ್ತಾಗುವ ಮೊದಲೇ, ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದ್ದಕ್ಕೆ ಅತ್ತೆ ಹೇಳಿಬಿಟ್ಟಿದ್ದರು: “ನಮ್ಮ ರಕ್ತದಲ್ಲಿ ಇಲ್ಲ.”

ಆ ಮಾತಿಗೆ ಕಾಲು ಬಂತು. ನೆಂಟರ ಬಾಯಿಂದ ಬಾಯಿಗೆ ಹೋಗಿ, ಸೊಸೆಯ ತವರಿನದೇ ಕೆಟ್ಟ ರಕ್ತ ಎಂದಾಯಿತು. ಅವಳ ತಂಗಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕುಳಿತು ದಾರ ಕಡಿಯುವಾಗಲೆಲ್ಲ ಸೊಸೆಯ ಹಲ್ಲಿಗೆ ಸಿಗುತ್ತಿದ್ದದ್ದು ಅತ್ತೆಯೇ. ಮುದುಕಿ ಮಹಾ ಜಾಣೆ, ಮಗನ ಎದುರು ಮಾತ್ರ ಆ ಮಾತು ಎತ್ತುತ್ತಿರಲಿಲ್ಲ. ಮೊಮ್ಮಗಳಿಗೆ ಉಣ್ಣಿಸುವಾಗ ಕಣ್ಣೀರು ಬೇರೆ. ಎಲ್ಲ ನಾಟಕ.

ಸೇಡು ತೀರಿಸಿಕೊಳ್ಳಲೆಂದೇ ಅವಳು ಎಲ್ಲರ ರಕ್ತಪರೀಕ್ಷೆಗೆ ಹಠ ಹಿಡಿದಳು. ಮಗಳ ಚಿಕಿತ್ಸೆಗೆ ಬೇಕು ಎಂದು ಗಂಡನ ಕಿವಿಗೆ ಹೂ ಇಟ್ಟಳು.

ಫಲಿತಾಂಶ ಬಂದ ದಿನ ನಾಲ್ವರೂ ಡಾಕ್ಟರ ಕೋಣೆಯಲ್ಲಿದ್ದರು.

“ನಿಮ್ಮಲ್ಲಿ ಇದೆ,” ಎಂದರು ಡಾಕ್ಟರು, ಸೊಸೆಗೆ. ಆಮೇಲೆ ಗಂಡನತ್ತ ತಿರುಗಿ, “ನಿಮ್ಮಲ್ಲೂ ಇದೆ.”

ಸೊಸೆ ಕಾದದ್ದು ಈ ಗಳಿಗೆಗೇ. “ಕೇಳಿಸ್ತಾ ಅತ್ತೆ? ನಿಮ್ಮ ಮಗನಲ್ಲೂ ಇದೆಯಂತೆ. ಇವರಿಬ್ಬರಲ್ಲಿ ಯಾರು ಕೊಟ್ಟಿದ್ದು ಅಂತಾನೂ ಹೇಳಿ ಡಾಕ್ಟ್ರೇ, ಇವರ ಎದುರೇ ಹೇಳಿ.”

ಡಾಕ್ಟರು ತಡವರಿಸಿದರು. “ಅದನ್ನ ಹಿರಿಯರ ಹತ್ರ ಬೇರೆ ಮಾತಾಡೋಣ ಅಂತಿದ್ದೆ.”

“ಯಾಕೆ, ಏನಾಯ್ತು?” ಎಂದ ಗಂಡ.

“ಅವರ ಬಾಯಲ್ಲಿ ಯಾಕೆ ಹೇಳಿಸ್ತೀಯ, ಬಿಡು,” ಎಂದು ಅತ್ತೆ ಎದ್ದರು. ಸೊಸೆಯನ್ನು ದಾಟಿ ಬಂದು ಮಗನ ತಲೆಯ ಮೇಲೆ ಕೈಯಿಟ್ಟರು.

“ನಮ್ಮ ರಕ್ತದಲ್ಲಿ ಇಲ್ಲ ಕಂದಾ. ನೀನು ನಮಗೆ ಸಿಕ್ಕಾಗ ನಿನಗೆ ಮೂರು ತಿಂಗಳು.”