ಎರಡು ಹೆಸರು, ಒಂದು ಹುಳು

"ಹಾಗಾದ್ರೆ ನನ್ನ ಮಗಳ ಹೆಸರು ತೆಗೀತೀರಿ," ಎಂದರು ಕಮಲಾಕ್ಷಮ್ಮ. ಕೈಯಲ್ಲಿದ್ದ ಕಾಫಿಯನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

ಸತ್ಯವತಿ ಬಸವೇಶ್ವರನಗರದ ಆ ಬಾಡಿಗೆ ಮನೆಗೆ ಬಂದು ಹತ್ತು ನಿಮಿಷವಾಗಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಗೇಟಿನ ಹೊರಗೆ ಅವಳ ಲೂನಾ ಮೊಪೆಡ್. ಅದರ ಮುಂದೆ ಮಗುವನ್ನು ಕೂರಿಸುವ ಪುಟ್ಟ ಸೀಟು, ಸೀಟಿನ ಮೇಲೆ ಧೂಳು.

ಗೋಡೆಯ ಮೇಲೆ ಎರಡು ಚೌಕಟ್ಟುಗಳಿದ್ದವು. ಒಂದರಲ್ಲಿ ಕಮಲಾಕ್ಷಮ್ಮನ ಯಜಮಾನರು, ಪಂಚಾಕ್ಷರಿ ಮೇಷ್ಟ್ರು. ತೀರಿಕೊಂಡು ನಾಲ್ಕು ವರ್ಷ. ಇನ್ನೊಂದರಲ್ಲಿ ಅಚ್ಚಾದ ಪುಟ, ಅದರಲ್ಲಿ ಕೂದಲೆಳೆಯಂಥ ಎಂಟು ಕಾಲಿನ ಹುಳು. ನೋಡಿದವರೆಲ್ಲ ಜೇಡ ಅನ್ನುತ್ತಾರೆ. ಜೇಡವಲ್ಲ, ಇದು ಬಲೆ ನೇಯುವುದಿಲ್ಲ. ಕೆಂಗೇರಿಯ ಬಂಡೆಗಳ ಕೆಳಗೆ ಸಿಕ್ಕ ಇದನ್ನು ಹೊಸ ಜಾತಿಯೆಂದು ಸಾರಿ, ಮೇಷ್ಟ್ರು ತಮ್ಮ ಸತ್ತ ಮಗಳ ಹೆಸರಿಟ್ಟಿದ್ದರು. ವಿಮಲಾ.

"ಮೇಷ್ಟ್ರಿಗೆ ಸಿಕ್ಕಿದ್ದು ಹೆಣ್ಣು, ಅಮ್ಮಾ." ಸತ್ಯವತಿಯ ದನಿ ಪಾಠ ಒಪ್ಪಿಸುವಂತೆ ಸಪ್ಪೆಯಾಗಿತ್ತು. "ಕಾಲಿನ ಮೇಲೆ ಮುಳ್ಳಿರೋದು ಬೇರೆ ಕಡೆ ಸಿಕ್ತು, ಅದಕ್ಕೆ ಬೇರೆ ಹೆಸರು ಬಿತ್ತು. ಈಗ ನಾನೂರು ಹುಳದ ಕಾಲು, ಮೈ ಎಲ್ಲಾ ಅಳತೆ ಮಾಡಿದೀನಿ. ವಂಶದ ಗುರುತು ಹೇಳೋ ಕ್ರೋಮೋಸೋಮ್ ಎಣಿಸಿದೀನಿ. ಎರಡೂ ಒಂದೇ ಜಾತಿ. ಮುಳ್ಳಿರೋದು ಗಂಡು, ಅಷ್ಟೇ. ಒಂದು ಜಾತಿಗೆ ಎರಡು ಹೆಸರು ಇರೋ ಹಾಗಿಲ್ಲ."

"ಗಂಡಿನ ಹೆಸರೇ ಉಳಿಯತ್ತೆ ಅನ್ನಿ."

"ಇಲ್ಲ. ಮೊದಲು ಅಚ್ಚಾದ ಹೆಸರು ಉಳಿಯತ್ತೆ."

ಎರಡೂ ಅಚ್ಚಾಗಿದ್ದು ಏಳು ವರ್ಷದ ಹಿಂದೆ, ೧೯೭೯ರಲ್ಲಿ. ಮುಳ್ಳಿರುವ ಹುಳದ ಲೇಖನ ಜುಲೈನದು. ಮೇಷ್ಟ್ರ ಲೇಖನ ಬಂದ ಬಡ ಪತ್ರಿಕೆ ತಿಂಗಳನ್ನೇ ಹಾಕಿರಲಿಲ್ಲ. ಪುರಾವೆ ಇಲ್ಲದಿದ್ದರೆ ಅಂಥದ್ದನ್ನು ಡಿಸೆಂಬರ್ ಮೂವತ್ತೊಂದರದ್ದೆಂದೇ ಹಿಡಿಯಬೇಕು ಎನ್ನುತ್ತದೆ ನಿಯಮ; ಆಗ ಜುಲೈನ ಹೆಸರೇ ಮೊದಲಿನದಾಗುತ್ತದೆ. ಪುರಾವೆ ಕೇಳೋಣವೆಂದರೆ ಆ ಪತ್ರಿಕೆಯ ಕಚೇರಿಯಲ್ಲಿ ಈಗ ಟೈಲರ್ ಅಂಗಡಿ ಇದೆ.

"ಇನ್ನೊಂದಕ್ಕೆ ಏನು ಹೆಸರು?"

"ಸೇತುರಾಮ."

"ಯಾರೋ ದೊಡ್ಡ ವಿಜ್ಞಾನಿ ಇರ್ಬೇಕು."

"ದೊಡ್ಡವನಲ್ಲ," ಎಂದಳು ಸತ್ಯವತಿ, ಲೋಟದೊಳಗೆ ನೋಡುತ್ತ.

ಕಮಲಾಕ್ಷಮ್ಮ ಗೋಡೆಯತ್ತ ತಿರುಗಿದರು. "ರೇಷನ್ ಕಾರ್ಡಿಂದ ಅವಳ ಹೆಸರು ತೆಗೆಸೋಕೆ ಇವ್ರು ಮೂರು ಸಲ ಅಲೆದ್ರು. ಸ್ಕೂಲಿನೋರು ತಾವೇ ಹೊಡೆದು ಹಾಕಿದ್ರು. ಉಳಿದಿರೋದು ಇದೊಂದೇ ಕಣಮ್ಮಾ." ಕಣ್ಣಲ್ಲಿ ನೀರಿರಲಿಲ್ಲ. ಅಳುವ ಕೆಲಸ ಮುಗಿದು ವರ್ಷಗಳಾಗಿದ್ದವು.

"ಮೇಷ್ಟ್ರ ಲೇಖನ ಅಚ್ಚಾಗಿ ಅಂಚೇಲಿ ಬಂದ ಕವರ್ ಏನಾದ್ರೂ ಇದ್ಯಾ?"

"ಇವ್ರು ಏನನ್ನಾದ್ರೂ ಬಿಸಾಡಿದ್ರೆ ತಾನೇ!"

ಟ್ರಂಕು ತೆರೆಯಿತು. ಹಳೆಯ ಪಾಠದ ಟಿಪ್ಪಣಿಗಳು, ಒಂದು ಜೊತೆ ಪುಟ್ಟ ಬಿಳಿ ಕ್ಯಾನ್ವಾಸ್ ಶೂ, ಅದರ ಕೆಳಗೆ ಪತ್ರಿಕೆಯ ಹೆಸರಿದ್ದ ಕಂದು ಕವರ್. ಸತ್ಯವತಿ ಅಂಚೆ ಮೊಹರನ್ನು ಎರಡು ಸಲ ಓದಿದಳು. ಮೇ ೨೨, ೧೯೭೯.

"ಕನ್ನಡಕ ಇಲ್ದೆ ನಂಗೆ ಕಾಣಲ್ಲ," ಎಂದರು ಕಮಲಾಕ್ಷಮ್ಮ. "ಬೇಕಿದ್ರೆ ತಗೊಂಡು ಹೋಗಿ. ನಾನಿಟ್ಕೊಂಡು ಏನ್ಮಾಡ್ಲಿ?"

ಇಡೀ ಊರಿನಲ್ಲಿ ಆ ತಾರೀಖು ಗೊತ್ತಿದ್ದವಳು ಈಗ ಸತ್ಯವತಿಯೊಬ್ಬಳೇ. ಕವರ್ ಚೀಲಕ್ಕೆ ಹೋಗಿ ದಾರಿಯಲ್ಲಿ ಎಲ್ಲೋ ಕಳೆದರೆ ಕೇಳುವವರಿರಲಿಲ್ಲ. ಅವಳು ಅದನ್ನು ಒಂದಷ್ಟು ಹೊತ್ತು ಹಿಡಿದೇ ಇದ್ದಳು.

"ಮೇ ತಿಂಗಳು, ಅಮ್ಮಾ. ವಿಮಲಾ ಉಳೀತಾಳೆ."

ಕಮಲಾಕ್ಷಮ್ಮ ನೆಲದ ಮೇಲೇ ಕುಳಿತುಬಿಟ್ಟರು. ಶೂಗಳನ್ನು ಮಡಿಲಿಗೆ ಎಳೆದುಕೊಂಡು ಲೇಸು ಕಟ್ಟಿದರು. ಆಮೇಲೆ ಕೇಳಿದರು, "ಪಾಪ, ಆ ಸೇತುರಾಮನ ಕಡೆಯೋರಿಗೆ ತಿಳಿಸ್ಬೇಕಲ್ವಾ?"

"ಅವ್ರಿಗೆ ಗೊತ್ತಾಗಿದೆ."

ಹೊರಗೆ ಬಂದು ಪುಟ್ಟ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ ಲೂನಾ ಹತ್ತಿದಳು.

ಚಂದ್ರಾ ಲೇಔಟಿನ ಮನೆಯಲ್ಲಿ, ಸೀರೆ ಕೂಡ ಬದಲಿಸದೆ ಮೇಜಿನ ಮುಂದೆ ಕುಳಿತಳು. ಜಾತಿಗಳ ಪಟ್ಟಿಯಲ್ಲಿ ಸೇತುರಾಮನ ಹೆಸರಿನ ಮೇಲೆ ಗೆರೆ ಎಳೆದಳು. ಗೆರೆ ನೇರವಾಗಿಯೇ ಬಂತು. ಪಕ್ಕದಲ್ಲಿ ಆಧಾರ ಬರೆಯಲು ಜುಲೈ ತಿಂಗಳ ಆ ಲೇಖನವನ್ನು ತೆಗೆದು ಕೊನೆಯ ಪುಟಕ್ಕೆ ಬಂದಳು.

ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: 'ಮೂರು ವರ್ಷ ಬದುಕಿದ್ದ ನನ್ನ ಮಗನ ಹೆಸರನ್ನು ಈ ಜೀವಿಗೆ ಇಟ್ಟಿದ್ದೇನೆ. ಸತ್ಯವತಿ.'