ಮಾರೆವ್ವ ಹೇಳದ ಗುರುತು

ಎಂಬತ್ತೆಂಟರ ಶ್ರಾವಣ. ಶೇಂಗಾ ಹೊಲದ ಕಸ ತೆಗೆಯುವ ದಿನಗಳು. ಆಳುಗಳು ಆಗಲೇ ಹೊಲ ಸೇರಿದ್ದರು. ಪಕೀರಮ್ಮ ಮಾತ್ರ ಬುತ್ತಿಗಂಟು ಹಿಡಿದು ಕುರಿಹಟ್ಟಿಯ ಬಾಗಿಲಿಗೆ ಅಡ್ಡ ನಿಂತಿದ್ದಳು. ತಪ್ಪಿಸಿಕೊಂಡ ತನ್ನ ಮರಿ ಇದೇ ಎಂದು ನೆರೆಮನೆಯ ಮಾರೆವ್ವ ಒಂದು ಕರಿಮರಿಗೆ ಬೆರಳು ಮಾಡಿದ್ದಳು.

"ಅದು ನನ್ನ ಮನ್ಯಾಗ ಹುಟ್ಟಿದ್ದು. ನಿಂದಾಗಿದ್ರ ಗುರುತು ಹೇಳು."

"ಹೇಳಿದ್ರ ನಾಳಿ ಎಲ್ಲಾ ಮರಿಗೂ ಅದನ್ನ ಮಾಡ್ತಿ. ನಾ ಹೇಳಂಗಿಲ್ಲ."

ಕಟ್ಟೆಯ ಮೇಲೆ ಕಾಗದ ಹರಡಿಕೊಂಡಿದ್ದ ಹೇಮಪ್ಪನ ಕಿವಿ ನಿಮಿರಿತು. ಪಕೀರಮ್ಮನ ಮಗ; ಮುಂಬಯಿಯಲ್ಲಿ ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದ. ಅವನ ವಿಷಯವೂ ಇದೇ: ಗುಟ್ಟು ಬಿಟ್ಟುಕೊಡದೆ, ಅದು ತನಗೆ ಗೊತ್ತೆಂದು ಸಾಬೀತು ಮಾಡುವುದು ಹೇಗೆ, ಅದೂ ಕೆಲವೇ ಪ್ರಶ್ನೆಗಳಲ್ಲಿ. ಮಾರ್ಗದರ್ಶಕರು ಅಧ್ಯಾಯವನ್ನು ಮೂರನೇ ಸಲ ತಿರುಗಿ ಕಳಿಸಿದ್ದರು. 'ಮುನ್ನೂರು ಪ್ರಶ್ನೆ ಕೇಳುತ್ತ ಯಾರು ಕೂಡುತ್ತಾರೆ? ಈ ತಿಂಗಳು ಸರಿಯಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ.' ಊರಿನಲ್ಲಾದರೂ ತಲೆ ಓಡೀತೆಂದು ಬಂದಿದ್ದ. ಓಡಿರಲಿಲ್ಲ. ಬರೆದದ್ದಕ್ಕಿಂತ ಹರಿದದ್ದೇ ಹೆಚ್ಚು.

"ಅತ್ತೀ, ಗುರುತು ಹೇಳಬ್ಯಾಡ," ಎಂದ. "ನಾ ಒಳಗ ನಾಣ್ಯ ಚಿಮ್ಮತೀನಿ. ಅದು ಹೇಳಿದಂಗ ಒಮ್ಮೆ ನೀ ತೋರಿಸಿದ ಮರಿ ತರ್ತೀನಿ, ಒಮ್ಮೆ ಅದರಂಥದ್ದೇ ಇನ್ನೊಂದು. ಹೌದೋ ಅಲ್ಲೋ ಅಷ್ಟ ಹೇಳು. ಇಪ್ಪತ್ತು ಸಲ."

"ಅದನ್ನ ಸಾಕದಾಕಿಗೆ ಎಲ್ಲಿ ಗುರುತು ಸಿಗತೈತಿ," ಎಂದಳು ಪಕೀರಮ್ಮ. "ಇಪ್ಪತ್ತೂ ಹೇಳಿದ್ರ ಒಯ್ಯಲಿ." ಮಗ ಎಲ್ಲಿ ಮೋಸ ಹೋಗುವನೋ ಎಂದು ಅವನ ಬೆನ್ನ ಹಿಂದೆಯೇ ಕಾವಲು ನಿಂತಳು.

ಮೊದಲ ಸಲ ಮಾರೆವ್ವ ಬಹಳ ಹೊತ್ತು ತಡವರಿಸಿದಳು. "ಹೌದು." ಸರಿಯಿತ್ತು. ಆಮೇಲೆ ತಡವಾಗಲಿಲ್ಲ. ಅಲ್ಲ. ಹೌದು. ಹೌದು. ಅಲ್ಲ. ಹೇಮಪ್ಪ ತಲೆ ತಗ್ಗಿಸಿ ಗೀಟು ಹಾಕುತ್ತ ಹೋದ. ಬೆನ್ನ ಹಿಂದೆ ಅವ್ವನ ಬಳೆ ಆಗಾಗ ಸದ್ದು ಮಾಡಿ ಎಣಿಕೆ ತಪ್ಪಿಸುತ್ತಿದ್ದವು. ಹನ್ನೆರಡನೆಯದಕ್ಕೆ ಮಾರೆವ್ವ ಕತ್ತನ್ನೂ ಬಗ್ಗಿಸಲಿಲ್ಲ.

"ನೋಡಿ ಹೇಳು ಅತ್ತೀ."

"ನೋಡೇ ಹೇಳಾಕತ್ತೀನಿ, ತಮ್ಮಾ."

ಇಪ್ಪತ್ತಕ್ಕೆ ಇಪ್ಪತ್ತು. ಸುಮ್ಮನೆ ಊಹಿಸುವವಳಿಗೆ ಹತ್ತು ಲಕ್ಷದಲ್ಲಿ ಒಮ್ಮೆ ಒಲಿಯುವ ಮಾತು. ಮಾರೆವ್ವ ಮರಿ ಹೊತ್ತು ಹೋದಳು. ಪಕೀರಮ್ಮ ಮಗನೊಂದಿಗೆ ಮಾತು ಬಿಟ್ಟಳು.

ಹೇಮಪ್ಪ ಎರಡೇ ದಿನದಲ್ಲಿ ಅಧ್ಯಾಯ ತಿರುಗಿ ಬರೆದ. ಮುನ್ನೂರನ್ನು ಹೊಡೆದು ಹಾಕಿ ಇಪ್ಪತ್ತು ಎಂದ. ಮೊದಲ ಪುಟಕ್ಕೇ ಮಾರೆವ್ವನ ಮರಿ. ಗಂಗಾವತಿಗೆ ಹೋಗಿ ಮಾರ್ಗದರ್ಶಕರಿಗೆ ರಿಜಿಸ್ಟರ್ ಅಂಚೆ ಮಾಡಿ, ಸಂಜೆಯ ಬಸ್ಸಿಗೆ ತನ್ನೂರು ಹುಲಿಹೈದರಕ್ಕೆ ಬಂದಿಳಿದ.

ಮನೆಯ ಮುಂದೆ ಮಾರೆವ್ವ ಕುಳಿತಿದ್ದಳು. ಮಗ್ಗುಲಲ್ಲಿ ಎರಡು ಕರಿಮರಿ.

"ನನ್ನ ಮರಿ ಜಿಲಾನಿ ತ್ವಾಟದಾಗ ಸಿಕ್ಕೇತಿ. ಇದು ನಿಮ್ದು, ಕಟ್ಟಿಕೋರಿ. ಸುಳ್ಳ ಋಣ ನನಗ್ಯಾಕ."

ಹೇಮಪ್ಪನ ಕೈಯಲ್ಲಿ ಅಂಚೆಯ ರಸೀದಿ ಇನ್ನೂ ಇತ್ತು. "ಹಂಗಾರ ಇಪ್ಪತ್ತೂ ಸಲ ಹೆಂಗ ಹೇಳಿದಿ ಅತ್ತೀ?"

"ಮರಿ ಯಾರು ನೋಡ್ಯಾರ, ತಮ್ಮಾ? ನೀ ಇದನ್ನ ತಂದಾಗೊಮ್ಮೆ, ನಿನ್ನ ಹಿಂದ ನಿಮ್ಮವ್ವ ಸೆರಗು ಕಚ್ಚತಿದ್ಲು."